ಬ್ರಬಾಮ್ ಬಿಟಿ52: ಅರ್ಧ ಟ್ಯಾಂಕಿನ ಚಾಂಪಿಯನ್

ನೀವು ಕೇಳಿದ್ದು ಮೂರು ಪ್ರಶ್ನೆ. ಟರ್ಬೊ ಕಾರಿನಲ್ಲಿ ಮೊದಲು ಫಾರ್ಮುಲಾ ಒನ್ ಚಾಂಪಿಯನ್ ಆದವರು ಯಾರು? ಬರೀ ಪವರ್‌ನಿಂದ ಗೆದ್ದರಾ? ಹಾಗಿದ್ದರೆ ಆ ವರ್ಷದ ತಂಡದ ಪ್ರಶಸ್ತಿ ಫೆರಾರಿಗೆ ಹೋದದ್ದು ಹೇಗೆ?

ಮೊದಲನೆಯದು ಸುಲಭ. ಬ್ರೆಜಿಲ್‌ನ ನೆಲ್ಸನ್ ಪಿಕೆ, 1983ರಲ್ಲಿ, ಬ್ರಬಾಮ್ ತಂಡದ ಬಿಟಿ52 ಕಾರಿನಲ್ಲಿ. ಎರಡನೆಯದಕ್ಕೆ ನನ್ನ ಉತ್ತರ ಅಲ್ಲ. ಆ ವರ್ಷ ರೆನೊ, ಫೆರಾರಿಗಳಿಗೂ ಟರ್ಬೊ ಇತ್ತು. ಟರ್ಬೊ ತಂದವರೇ ರೆನೊದವರು, 1977ರಲ್ಲಿ. ಆರು ವರ್ಷ ಒದ್ದಾಡಿದರೂ ಚಾಂಪಿಯನ್ ಪಟ್ಟ ಸಿಗಲಿಲ್ಲ.

ನಾನು ಲಾರಿ, ಬಸ್ಸುಗಳ ಟರ್ಬೊ ಬಿಚ್ಚಿ ಕೂರಿಸುವ ಕೆಲಸದವನು. ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದೇ ಷಾಫ್ಟಿನ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಇಷ್ಟೇ ಟರ್ಬೊ. ಆದರೆ ಆ ಷಾಫ್ಟು ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗುತ್ತದೆ. ಬಿಚ್ಚಿದ ಕೂಡಲೇ ನಾವು ಮಾಡುವ ಮೊದಲ ಕೆಲಸ, ಷಾಫ್ಟಿನ ತುದಿ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡೋದು. ಚಕ್ರ ಗೋಡೆಗೆ ತಾಗುವಷ್ಟು ಪ್ಲೇ (ಸಡಿಲ) ಇದ್ದರೆ ಕಥೆ ಮುಗೀತು. ಈ ಷಾಫ್ಟು ನೆನಪಿರಲಿ, ಕೊನೆಗೆ ಮತ್ತೆ ಬರುತ್ತದೆ.

ಬಿಟಿ52ರ ಎಂಜಿನ್ನು ಬಿಎಂಡಬ್ಲ್ಯುದು, ಎಂ12/13. ನಾಲ್ಕೇ ಸಿಲಿಂಡರ್, 1,499 ಸಿಸಿ, ಒಂದೇ ಟರ್ಬೊ. ಅದರ ಎರಕದ ಕಬ್ಬಿಣದ ಬ್ಲಾಕಿನ ಮೂಲ 1962ರ ಬಿಎಂಡಬ್ಲ್ಯು 1500, ಅಂದರೆ ಮನೆಮಂದಿ ಓಡಾಡುವ ಸೆಡಾನ್. ಪಾಲ್ ರೋಷೆ ಎಂಬ ಎಂಜಿನಿಯರ್ ಅದನ್ನು ರೇಸಿನಲ್ಲಿ ಸುಮಾರು 640 ಹಾರ್ಸ್‌ಪವರ್ ಕೊಡುವ ಹಾಗೆ ಮಾಡಿದರು. ಟರ್ಬೊ ಇಲ್ಲದ 3 ಲೀಟರ್ ಕಾಸ್ವರ್ತ್ ಎಂಜಿನ್ನು 500ರ ಸುತ್ತಮುತ್ತ ಇದ್ದ ಕಾಲ ಅದು. ಓಡಿ ಹಳೆಯದಾದ ಬ್ಲಾಕುಗಳನ್ನೇ ಹುಡುಕಿ, ಬಯಲಲ್ಲಿ ಬಿಸಿಲುಮಳೆಗೆ ಬಿಟ್ಟು, ಅದರ ಮೇಲೆ ಮೂತ್ರ ಮಾಡಿ ಹದ ಮಾಡುತ್ತಿದ್ದರು ಅಂತ ಒಂದು ಕಥೆ ಇದೆ. ಮೂತ್ರದ ಭಾಗ ನಾನು ನಂಬಲ್ಲ. ಆದರೆ ಸಾಕಷ್ಟು ಸಲ ಕಾದು ತಣ್ಣಗಾದ ಕಬ್ಬಿಣ ಆಮೇಲೆ ಅಷ್ಟಾಗಿ ಸೊಟ್ಟ ಆಗಲ್ಲ, ಅದು ನಿಜ.

ಈಗ ಕಾರಿಗೆ ಬರೋಣ. ಡಿಸೈನರ್ ಗಾರ್ಡನ್ ಮರ್ರೆ, ದಕ್ಷಿಣ ಆಫ್ರಿಕಾದ ಡರ್ಬನ್‌ನವರು. ಅಲ್ಲಿಯವರೆಗೆ ಕಾರಿನ ತಳವನ್ನು ತಲೆಕೆಳಗಾದ ರೆಕ್ಕೆಯ ಹಾಗೆ ಮಾಡಿ, ಅದರಡಿ ಹೋಗುವ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಹೀರಿಸುತ್ತಿದ್ದರು. 1982ರ ಕೊನೆಗೆ ನಿಯಮ ಬದಲಾಯಿತು, ಇನ್ನು ತಳ ಚಪ್ಪಟೆ ಇರಬೇಕು. ಮರ್ರೆ ಸಿದ್ಧ ಮಾಡಿಟ್ಟಿದ್ದ ಬಿಟಿ51 ಸೀದಾ ಮೂಲೆಗೆ. ಹೊಸ ಕಾರಿಗೆ ಉಳಿದದ್ದು ಮೂರು ತಿಂಗಳು ಚಿಲ್ಲರೆ.

ಬೇರೆಯವರು ಹಳೇ ಕಾರನ್ನೇ ತಿದ್ದಿದರು. ಮರ್ರೆ ಮೊದಲಿಂದ ಶುರು ಮಾಡಿದರು. ತಳ ಚಪ್ಪಟೆ ಆದಮೇಲೆ, ಆ ರೆಕ್ಕೆಯಾಕಾರ ಅಡಗಿಸಿಡುತ್ತಿದ್ದ ಪಕ್ಕದ ಉದ್ದ ಪೆಟ್ಟಿಗೆಗಳು ಯಾಕೆ? ಕಿತ್ತುಹಾಕಿದರು. ರೇಡಿಯೇಟರ್, ಇಂಟರ್‌ಕೂಲರ್ (ಟರ್ಬೊ ತುರುಕುವ ಗಾಳಿಯನ್ನು ತಂಪು ಮಾಡುವ ಸಾಮಾನು), ಟರ್ಬೊ ಎಲ್ಲವನ್ನೂ ಹಿಂದಕ್ಕೆ, ಎಂಜಿನ್ನಿನ ಅಕ್ಕಪಕ್ಕ ತಳ್ಳಿದರು. ಭಾರ ಹಿಂದಿನ ಚಕ್ರದ ಮೇಲೆ ಬಿತ್ತು. ಟರ್ಬೊ ತಡವಾಗಿ ಎದ್ದು ಒಮ್ಮೆಲೇ ಒದೆಯುವಾಗ ಹಿಂದಿನ ಟೈರು ನೆಲ ಕಚ್ಚಿಕೊಳ್ಳಬೇಕಲ್ವಾ, ಅದಕ್ಕೆ. ಮೇಲಿಂದ ನೋಡಿದರೆ ಕಾರು ಥೇಟ್ ಬಾಣ. ಫೋಟೊ ಹುಡುಕಿ ನೋಡಿ, ನನಗಂತೂ ಆ ದಶಕದ ಅತಿ ಚಂದದ ಕಾರು ಅದೇ.

ಅಸಲಿ ಬುದ್ಧಿವಂತಿಕೆ ಇದ್ದದ್ದು ಟ್ಯಾಂಕಿನಲ್ಲಿ. ರೇಸಿನ ಮಧ್ಯೆ ನಿಲ್ಲಿಸಿ ಇಂಧನ ತುಂಬುವ ಉಪಾಯವನ್ನು 1982ರಲ್ಲೇ ಮರ್ರೆ ಶುರು ಮಾಡಿದ್ದರು. ಬಿಟಿ52 ಅನ್ನು ಕಟ್ಟಿದ್ದೇ ಸಣ್ಣ ಟ್ಯಾಂಕಿನ ಸುತ್ತ. ಲೆಕ್ಕ ಹಾಕಿ: ನೂರು ಲೀಟರ್ ಕಡಿಮೆ ಹೊತ್ತರೆ 70 ಕೆಜಿಗಿಂತ ಜಾಸ್ತಿ ಹಗುರ. ಹಗುರ ಕಾರಿಗೆ ಮೆತ್ತನೆಯ ಟೈರು ಹಾಕಬಹುದು. ನಿಲ್ಲಿಸಿದಾಗ ಕಳೆದುಕೊಂಡ ಸೆಕೆಂಡುಗಳು ಅದರಲ್ಲೇ ವಾಪಸ್ ಬರುತ್ತವೆ. ಕಾರಿನೊಳಗೇ ಗಾಳಿಯ ಜಾಕು, ಹಾಕುವ ಮುಂಚೆ ಬಿಸಿ ಮಾಡಿಟ್ಟ ಟೈರು. ಇದೆಲ್ಲ ಪವರ್ ಅಲ್ಲ, ತಲೆ.

ಮೊದಲ ರೇಸು ರಿಯೊದಲ್ಲಿ, ಪಿಕೆಯ ಸ್ವಂತ ಊರಲ್ಲಿ. ಗೆದ್ದರು. ಆಮೇಲೆ ತಿಂಗಳುಗಟ್ಟಲೆ ಗೆಲುವಿಲ್ಲ. ಇಮೋಲಾದಲ್ಲಿ ಜತೆಗಾರ ರಿಕಾರ್ಡೊ ಪಟ್ರೇಸೆ ಕೊನೆಯ ಕೆಲವು ಲ್ಯಾಪ್ ಇರುವಾಗ ಮುಂದೆ ಬಂದು, ತಕ್ಷಣವೇ ಗೋಡೆಗೆ ಹೊಡೆದರು. ಅವರು ಇಟಲಿಯವರೇ ಆದರೂ ಇಟಲಿಯ ಜನ ಚಪ್ಪಾಳೆ ಹೊಡೆದರು, ಯಾಕಂದರೆ ಮುಂದಕ್ಕೆ ಹೋದದ್ದು ಫೆರಾರಿ. ಜಾಂಡ್‌ವೋರ್ಟ್‌ನಲ್ಲಿ ಮುಂದಿದ್ದ ಪಿಕೆಗೆ ರೆನೊದ ಅಲೇನ್ ಪ್ರಾಸ್ಟ್ ಗುದ್ದಿದರು. ಇಬ್ಬರೂ ಹೊರಗೆ. ಆಗ ಪ್ರಾಸ್ಟ್ 51, ಪಿಕೆ 37. ಉಳಿದದ್ದು ಮೂರೇ ರೇಸು, ಗೆದ್ದರೆ 9 ಅಂಕ.

ಪಿಕೆ ಮೊಂಜಾ ಗೆದ್ದರು, ಬ್ರ್ಯಾಂಡ್ಸ್ ಹ್ಯಾಚ್ ಗೆದ್ದರು. ಅಂತರ ಎರಡಕ್ಕೆ ಇಳಿಯಿತು. ಈ ಹೊತ್ತಿಗೆ ಬಿಎಂಡಬ್ಲ್ಯು ಇಂಧನದ ಬಗ್ಗೆ ಗುಸುಗುಸು ಶುರುವಾಗಿತ್ತು, ಆಕ್ಟೇನ್ (ಇಂಧನದ ದರ್ಜೆ) ನಿಯಮದ ಮಿತಿ ಮೀರಿದೆ ಅಂತ. ಆದರೆ ರೆನೊ ದೂರು ಕೊಡಲಿಲ್ಲ, ಫಲಿತಾಂಶ ಹಾಗೇ ಉಳಿಯಿತು.

ಕೊನೆಯದು ಅಕ್ಟೋಬರ್ 15, ದಕ್ಷಿಣ ಆಫ್ರಿಕಾದ ಕ್ಯಾಲಾಮಿ. ಸಮುದ್ರಮಟ್ಟದಿಂದ 1,500 ಮೀಟರಿಗಿಂತ ಎತ್ತರ. ಗಾಳಿ ತೆಳು, ಅಷ್ಟೇ ಒತ್ತಡ ಬೇಕಂದರೆ ಟರ್ಬೊ ಜಾಸ್ತಿ ತಿರುಗಬೇಕು. ಘಾಟಿ ಹತ್ತುವ ಲಾರಿಗಳಲ್ಲಿ ನಾವು ನೋಡೋದೂ ಇದನ್ನೇ. ಪಿಕೆ ಕಡಿಮೆ ಇಂಧನ ಹಾಕಿಕೊಂಡು ಶುರುವಿನಲ್ಲೇ ಹಾರಿಹೋದರು. ಅಟ್ಟಿಸಿಕೊಂಡು ಹೋದ ಪ್ರಾಸ್ಟ್‌ನ ಟರ್ಬೊ 35ನೇ ಲ್ಯಾಪಿನಲ್ಲಿ ಕೈಕೊಟ್ಟಿತು. ನಾನು ಹೇಳಿದ ಷಾಫ್ಟು ಇರುವ ಅದೇ ಸಾಮಾನು! ಆಮೇಲೆ ಪಿಕೆ ಬೂಸ್ಟ್ (ಟರ್ಬೊ ಒತ್ತಡ) ಇಳಿಸಿ, ಪಟ್ರೇಸೆಗೆ ದಾರಿ ಬಿಟ್ಟು, ಆಲ್ಫಾ ರೋಮಿಯೊ ತಂಡದ ಡಿ ಚೆಸಾರಿಸ್‌ಗೂ ಬಿಟ್ಟು, ಆರಾಮಾಗಿ ಮೂರನೆಯವರಾಗಿ ಬಂದರು. 4 ಅಂಕ. ಪಿಕೆ 59, ಪ್ರಾಸ್ಟ್ 57.

ಇನ್ನು ಫೆರಾರಿ ವಿಷಯ. ತಂಡದ ಪ್ರಶಸ್ತಿಗೆ ಇಬ್ಬರೂ ಚಾಲಕರ ಅಂಕ ಕೂಡುತ್ತದೆ. ಅವರ ಇಬ್ಬರು ಚಾಲಕರೂ, ಆರ್ನೂ ಮತ್ತು ಟಾಂಬೆ, ವರ್ಷಪೂರ್ತಿ ಅಂಕ ತಂದರು, ಒಟ್ಟು 89. ರೆನೊ 79. ಬ್ರಬಾಮ್ 72ರಲ್ಲಿ ಮೂರನೆಯದು, ಏಕೆಂದರೆ ಪಟ್ರೇಸೆ ಆ ಕೊನೆಯ ಗೆಲುವಿನ 9 ಸೇರಿಯೂ ತಂದದ್ದು 13 ಅಂಕ ಮಾತ್ರ.