ಟ್ರೇ ಆರಲು ಬಿಡಿ, ಗಾಳಿ ಆಡಲು ಬಿಡಿ

ಪಾಲಿಹೌಸ್ ಮತ್ತು ನೆರಳುಪರದೆಯಡಿ ತರಕಾರಿ, ಹೂವಿನ ಸಸಿ ಮಾಡುವ ಬಗ್ಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಜುಲೈನಲ್ಲಿ ಪಾಲಿಹೌಸ್ ಒಳಗೆ ಟೊಮೆಟೊ, ದೊಣ್ಣೆ ಮೆಣಸಿನ ಬೀಜ ಟ್ರೇಗೆ ಹಾಕಿದ್ದೆ. ಚೆನ್ನಾಗಿ ಮೊಳೆತವು. ಎರಡೆಲೆ ಬಿಟ್ಟ ಮೇಲೆ ಸಾಲುಸಾಲಾಗಿ ಮಗುಚಿ ಬಿದ್ದವು. ಎರಡು ಸಲ ಔಷಧಿ ಸುರಿದರೂ ನಿಲ್ಲಲಿಲ್ಲ. (ಮೂಡಿಗೆರೆ)

ಉತ್ತರ: ಬಿದ್ದ ಸಸಿಯೊಂದನ್ನು ಕಿತ್ತು ಬುಡ ನೋಡಿ. ಎಲೆ ಇನ್ನೂ ಹಸಿರಾಗಿಯೇ ಇದ್ದು, ಕೊಕೊಪೀಟ್‌ಗೆ (ಟ್ರೇಗೆ ತುಂಬುವ ತೆಂಗಿನ ನಾರಿನ ಪುಡಿ) ತಾಗುವ ಜಾಗದಲ್ಲಿ ಮಾತ್ರ ಕಾಂಡ ನೀರುಂಡು ನೂಲಿನಷ್ಟು ಸಣ್ಣಗಾಗಿದ್ದರೆ ಅದು ಸಸಿ ಕೊಳೆ. ಪಿಥಿಯಂ, ರೈಜೋಕ್ಟೋನಿಯಾ ಎಂಬ ರೋಗಾಣುಗಳ ಕೆಲಸ. ಅವು ಹಳೇ ಟ್ರೇಯಲ್ಲಿ, ನೆಲದ ಮಣ್ಣಿನಲ್ಲಿ, ಕೆರೆ ನೀರಿನಲ್ಲಿ ಇದ್ದೇ ಇರುತ್ತವೆ. ಎದ್ದು ಕೂರುವುದು ತೇವ ಆರದಿದ್ದಾಗ. ನೀವು ಸುರಿದ ಔಷಧಿ ನೆನೆದ ಟ್ರೇಗೆ ಇನ್ನಷ್ಟು ನೀರು ಕೊಟ್ಟ ಹಾಗಾಗಿದೆ.

ಮಲೆನಾಡಿನ ಮಳೆಗಾಲದಲ್ಲಿ ಪಾಲಿಹೌಸ್ ಬೇಕಿರುವುದು ತಲೆ ಮೇಲಿನ ಮಳೆ ತಪ್ಪಿಸಲು. ಎರಚಲು ಬಡಿಯುವ ಬದಿಯೊಂದನ್ನು ಬಿಟ್ಟು ಉಳಿದ ಬದಿಗಳ ಪಾಲಿಥೀನ್ ಮೇಲೆತ್ತಿ. ಕೀಟ ತಡೆಯುವ ಬಲೆ ಮಾತ್ರ ಇರಲಿ. ಟ್ರೇಗಳನ್ನು ನೆಲಕ್ಕೆ ಇಡಬೇಡಿ. ಎರಡೂವರೆ ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟಣಿಗೆ ಕಟ್ಟಿ, ದಬ್ಬೆಗಳ ನಡುವೆ ಸಂದು ಬಿಡಿ. ಟ್ರೇಯ ಅಡಿಗೆ ಗಾಳಿ ಆಡಿದರೆ ತೂತಿನಿಂದ ಹೊರಬಂದ ಬೇರಿನ ತುದಿ ತಾನೇ ಒಣಗಿ, ಒಳಗೆ ಕವಲು ಬೇರು ಹೆಚ್ಚುತ್ತದೆ.

ನೀರು ಬೆಳಿಗ್ಗೆ ಮಾತ್ರ. ಒಂದು ಕುಳಿಯ ಕೊಕೊಪೀಟ್ ತೆಗೆದು ಹಿಂಡಿ ನೋಡಿ: ಬೆರಳ ಸಂದಿನಲ್ಲಿ ನೀರು ತೊಟ್ಟಿಕ್ಕಿದರೆ ಆ ದಿನ ನೀರೇ ಬೇಡ. ಜುಲೈನಲ್ಲಿ ಎರಡು ದಿನ ನೀರು ಕೊಡದಿದ್ದರೂ ಸಸಿಗೆ ಏನೂ ಆಗುವುದಿಲ್ಲ.

ಹಳೇ ಟ್ರೇಗಳನ್ನು ತೊಳೆದು, ಲೀಟರ್‌ಗೆ 10 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ಮತ್ತೆ ತೊಳೆದು ಒಣಗಿಸಿ. ಬಿತ್ತುವ ಮೊದಲು ಕೆಜಿ ಕೊಕೊಪೀಟ್‌ಗೆ 10 ಗ್ರಾಂ ಟ್ರೈಕೋಡರ್ಮಾ (ರೋಗಾಣುಗಳನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಬೆರೆಸಿ. ರೋಗ ಕಂಡ ಮೇಲೆ ಬಿದ್ದ ಸಸಿಗಳನ್ನು ಸುತ್ತಲಿನ ಒಂದು ಸಾಲಿನ ಸಮೇತ ತೆಗೆದು, ಲೀಟರ್‌ಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕದಡಿ ಬುಡಕ್ಕೆ ಒಂದೇ ಸಲ ಕೊಡಿ. ಇದರ ಬೆನ್ನಿಗೇ ಟ್ರೈಕೋಡರ್ಮಾ ಹಾಕಿದರೆ ದುಡ್ಡು ದಂಡ, ತಾಮ್ರ ಅದನ್ನೂ ಬಿಡುವುದಿಲ್ಲ. ಕನಿಷ್ಠ ಹದಿನೈದು ದಿನ ಅಂತರ ಇರಲಿ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಹಾಕಿದ ಮೆಣಸಿನ ಬೀಜ ಹನ್ನೆರಡು ದಿನವಾದರೂ ಮೊಳೆತಿಲ್ಲ. ಬೀಜ ಕೆಟ್ಟದ್ದೇ? (ಅರಸೀಕೆರೆ)

ಉತ್ತರ: ಈಗಲೇ ಚೆಲ್ಲಬೇಡಿ. ಮೆಣಸಿನ ಬೀಜ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ದಿನಕ್ಕೆ ಮೊಳೆಯುತ್ತದೆ. 20 ಡಿಗ್ರಿಯಲ್ಲಿ ಹನ್ನೆರಡು ದಿನ ದಾಟುತ್ತದೆ, 15 ಡಿಗ್ರಿಯಲ್ಲಿ ಇಪ್ಪತ್ತೈದು ದಿನ ಬೇಕು. ಟೊಮೆಟೊಗೆ ಇಷ್ಟು ಹಟವಿಲ್ಲ. ನಿಮ್ಮ ಟ್ರೇಗಳು ರಾತ್ರಿಯ ಚಳಿಯಲ್ಲಿ ಬಯಲಿಗೇ ಹರಡಿಕೊಂಡಿದ್ದರೆ ಕಾರಣ ಅದೇ.

ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಸುತ್ತ ಪಾಲಿಥೀನ್ ಸುತ್ತಿ ಮನೆಯೊಳಗೆ ಇಡಿ. ಹಂಡೆ ಒಲೆಯ ಗೋಡೆಯ ಆಚೆ ಬದಿಯಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ. ಆದರೆ ಆರನೇ ದಿನದಿಂದ ಬೆಳಿಗ್ಗೆ, ಸಂಜೆ ಬಿಚ್ಚಿ ನೋಡಲೇಬೇಕು. ಅಲ್ಲಲ್ಲಿ ಕೊಕ್ಕೆಯಂತೆ ಬಾಗಿದ ಬಿಳಿ ಮೊಳಕೆ ಕಂಡ ದಿನವೇ ಬೆಳಕಿಗೆ ಹರಡಿ. ಒಂದು ದಿನ ತಡವಾದರೂ ಸಸಿ ಕತ್ತಲಲ್ಲಿ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಏನು ಮಾಡಿದರೂ ಆ ಕಾಂಡ ಗಟ್ಟಿಯಾಗದು.

ಪ್ರಶ್ನೆ: ಹೈಬ್ರಿಡ್ ಚೆಂಡುಹೂವಿನ ಬೀಜ ದುಬಾರಿ. ನಮ್ಮ ಗಿಡದ್ದೇ ಬೀಜ ಇಟ್ಟುಕೊಳ್ಳಬಹುದೇ? (ಬೇಲೂರು)

ಉತ್ತರ: ಬೀಜ ಬೇಡ. ಹೈಬ್ರಿಡ್‌ನ ಬೀಜದಿಂದ ಎತ್ತರ, ಗಿಡ್ಡ, ಒಂಟಿ ಎಸಳು ಎಲ್ಲವೂ ಬೆರೆತು ಬರುತ್ತವೆ, ಮಾರುಕಟ್ಟೆಗೆ ಆಗುವುದಿಲ್ಲ. ಕುಡಿ ನೆಡಿ. ನಾಟಿಯಾಗಿ ನಾಲ್ಕು ವಾರಕ್ಕೆ ಹೇಗೂ ಕುಡಿ ಚಿವುಟುತ್ತೀರಲ್ಲ, ಮೊಗ್ಗು ಕಾಣದ ಆ ಕುಡಿಯನ್ನು 6ರಿಂದ 8 ಸೆಂಟಿಮೀಟರ್ ಉದ್ದಕ್ಕೆ ತೆಗೆದು, ಕೆಳಗಿನ ಎಲೆ ಬಿಡಿಸಿ, ತೇವದ ಕೊಕೊಪೀಟ್‌ಗೆ ಊರಿದರೆ ಹತ್ತು ಹನ್ನೆರಡು ದಿನದಲ್ಲಿ ಬೇರು. ತಾಯಿಗಿಡದ್ದೇ ಹೂವು. ರೋಗದ ಗಿಡದ ಕುಡಿ ಮಾತ್ರ ಮುಟ್ಟಬೇಡಿ.

ಪ್ರಶ್ನೆ: ಪಾಲಿಹೌಸ್ ಸೇವಂತಿಗೆಯ ಕಡ್ಡಿ ಚೆನ್ನಾಗಿ ಬೇರು ಬಿಟ್ಟವು. ಆದರೆ ನೆಟ್ಟ ಗಿಡ ಗೇಣುದ್ದಕ್ಕೇ ಮೊಗ್ಗು ಕಟ್ಟುತ್ತಿದೆ. ಗೊಬ್ಬರ ಸಾಲದೇ? (ಚಿಕ್ಕಮಗಳೂರು)

ಉತ್ತರ: ಗೊಬ್ಬರದ ತಪ್ಪಲ್ಲ, ರಾತ್ರಿಯ ಉದ್ದದ್ದು. ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಈ ತಳಿಗಳು ಮೊಗ್ಗಿಗೆ ತಿರುಗುತ್ತವೆ. ನಮ್ಮಲ್ಲಿ ಜೂನ್‌ನಲ್ಲೂ ಹಗಲು ಹದಿಮೂರು ಗಂಟೆ ಮುಟ್ಟುವುದಿಲ್ಲ. ಹಾಗಾಗಿ ರಾತ್ರಿ ದೀಪವಿಲ್ಲದೆ ಈ ಬೆಳೆ ಎತ್ತರಕ್ಕೆ ಬಾರದು. ರಾತ್ರಿ ಹತ್ತರಿಂದ ಎರಡರವರೆಗೆ, ಕುಡಿಯ ಮಟ್ಟದಲ್ಲಿ 100 ಲಕ್ಸ್ ಬೆಳಕು ಬೀಳುವಂತೆ ಬಲ್ಬ್ ಕಟ್ಟಿ. ಅಂದಾಜಿಗೆ ಮೊಬೈಲ್‌ನ ಲಕ್ಸ್ ಆಪ್ ಸಾಕು, ಎರಡು ಬಲ್ಬ್‌ಗಳ ನಡುವಿನ ಮಬ್ಬು ಜಾಗದಲ್ಲಿ ಹಿಡಿದು ನೋಡಿ.

ತಾಯಿಗಿಡಗಳಿಗೆ ಈ ದೀಪ ಒಂದು ರಾತ್ರಿಯೂ ತಪ್ಪಬಾರದು. ನಿಮ್ಮ ಕಡ್ಡಿಗಳು ತೆಗೆಯುವಾಗಲೇ ಮೊಗ್ಗಿನ ದಾರಿ ಹಿಡಿದಿದ್ದವು ಎನಿಸುತ್ತದೆ. ಗುರುತಿಸುವುದು ಸುಲಭ: ಸೇವಂತಿಗೆ ಎಲೆಯ ಅಂಚು ಆಳವಾಗಿ ಸೀಳಿರುತ್ತದೆ, ಕುಡಿಯ ಹತ್ತಿರ ಸೀಳಿಲ್ಲದ, ಪಟ್ಟಿಯಂಥ ಸಣ್ಣ ಎಲೆ ಕಂಡರೆ ಒಳಗೆ ಮೊಗ್ಗು ಕೂತಾಯಿತು. ಅಂಥ ಕಡ್ಡಿ ಬಿಡಿ.

ಸರಿಯಾದ ಕಡ್ಡಿ 5ರಿಂದ 7 ಸೆಂಟಿಮೀಟರ್, ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ನಾರು ನಾರಾಗಿ ಸೀಳಿದರೆ ಬಲಿತಿದೆ ಎಂದರ್ಥ, ಬೇರು ತಡ. ಬುಡವನ್ನು ಐಬಿಎ (ಬೇರು ಬರಿಸುವ ಹಾರ್ಮೋನ್) ಪುಡಿಗೆ ಮುಟ್ಟಿಸಿ, ಹೆಚ್ಚಾದದ್ದನ್ನು ಕೊಡವಿ, ಒಂದೂವರೆ ಸೆಂಟಿಮೀಟರ್ ಆಳಕ್ಕೆ ಊರಿ. ಮೊದಲ ನಾಲ್ಕೈದು ದಿನ ಎಲೆ ಬಾಡದಂತೆ ಮಂಜಿನ ಹಾಗೆ ನೀರು ಸಿಂಪಡಿಸಿ, ಆಮೇಲೆ ದಿನಕ್ಕಿಷ್ಟು ಕಡಿಮೆ ಮಾಡಿ. ನಾಟಿಯಾದ ಮೇಲೂ ಮೂರು ನಾಲ್ಕು ವಾರ ದೀಪ ಇರಲಿ. ಗಿಡ ಒಂದಡಿ ದಾಟಿದ ಮೇಲೆ ಆರಿಸಿ. ತಳಿಗೆ ತಕ್ಕಂತೆ ಎಂಟರಿಂದ ಹತ್ತು ವಾರಕ್ಕೆ ಹೂವು.

ಪ್ರಶ್ನೆ: ಟ್ರೇಯ ಕೋಸಿನ ಸಸಿ ಹದಿನೈದು ದಿನಕ್ಕೆ ಹಳದಿ ತಿರುಗಿದೆ. (ಅರಕಲಗೂಡು)

ಉತ್ತರ: ಬರೀ ಕೊಕೊಪೀಟ್‌ನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರವನ್ನು ಲೀಟರ್‌ಗೆ 3 ಗ್ರಾಂನಂತೆ ಕರಗಿಸಿ ಈಗೊಮ್ಮೆ, ಒಂದು ವಾರ ಬಿಟ್ಟು ಇನ್ನೊಮ್ಮೆ ಕೊಡಿ. ನಾಟಿಗೆ ನಾಲ್ಕು ದಿನ ಇರುವಾಗ ನೆರಳುಪರದೆ ಸರಿಸಿ, ನೀರು ಕಡಿಮೆ ಮಾಡಿ. ಕಾಂಡಕ್ಕೆ ನೇರಳೆ ಛಾಯೆ ಬಂದರೆ ಹೆದರಬೇಡಿ, ಸಸಿ ಬಿಸಿಲಿಗೆ ಗಟ್ಟಿಯಾಗುತ್ತಿದೆ.