ಬೀಗ ಹಾಕಿದ ಕೋಣೆಯ ಎರಡನೆಯ ದಿನ

ಕುಡಿತಕ್ಕೆ ಸಿಕ್ಕಿಬಿದ್ದ ಹೆಣ್ಣುಮಕ್ಕಳಿಗೆ ಆಪ್ತಸಲಹೆ ನೀಡುವ ಕೆಲಸವನ್ನು ಹಾವೇರಿ ಜಿಲ್ಲೆಯಲ್ಲಿ ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಕುಡಿಯುವ ಗಂಡಸನ್ನು ಮನೆಯವರು ಕರೆದುಕೊಂಡು ಬರುತ್ತಾರೆ, ಕುಡಿಯುವ ಹೆಂಗಸನ್ನು ಮುಚ್ಚಿಡುತ್ತಾರೆ. ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ ಅಷ್ಟೇ ಮದ್ಯ ಆಕೆಗೆ ಹೆಚ್ಚು ಹಾನಿ ಮಾಡುತ್ತದೆ; ಮುಚ್ಚಿಟ್ಟು ಕಳೆದ ಒಂದೊಂದು ತಿಂಗಳೂ ಆಕೆಯ ಪಾಲಿಗೆ ದುಬಾರಿ. ಈ ಪ್ರಕರಣವನ್ನು ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.

ಗಿರಿಜವ್ವ ಎಂದು ಕರೆಯೋಣ. ವಯಸ್ಸು ನಲವತ್ತರ ಆಸುಪಾಸು. ಗಂಡ ತೀರಿಕೊಂಡ ಮೇಲೆ ತವರಿನಲ್ಲಿ ಅಣ್ಣನ ಮನೆಯ ಪಕ್ಕದಲ್ಲೇ ಮಗಳೊಂದಿಗೆ ವಾಸ. ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಾಳೆ, ಕೂಲಿ ಕಿಲೋ ಲೆಕ್ಕದಲ್ಲಿ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜ. ಆದರೆ ಬೆಳಗಿನಿಂದ ಸಂಜೆಯವರೆಗೆ ತುಂಬು ಮುರಿಯುವ ಬೆರಳಿಗೆ ಆ ಮಾತು ಸಮಾಧಾನ ಕೊಡುವುದಿಲ್ಲ. ಮೊದಲ ಭೇಟಿಯಲ್ಲಿ ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಚಹಾ ಕೊಟ್ಟಾಗ ಕೈ ಹೊರಬಂತು. ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಕಪ್ ನಡುಗಿ ಚಹಾ ಬಸಿಗೆ ಚೆಲ್ಲಿತು.

“ರಾತ್ರಿ ಕೈ ಉರೀತಾವ್ರಿ ಅಕ್ಕಾರ, ನಿದ್ದಿ ಹತ್ತೂದಿಲ್ರಿ. ಅದನ್ನ ಕುಡದ್ರ ಉರಿ ಗೊತ್ತಾಗೂದಿಲ್ರಿ” ಎಂದಳು. ಮೊದಲು ಮದ್ಯದ ಒಂದು 90 ಎಂ.ಎಲ್. ಪ್ಯಾಕೆಟ್, ಆಮೇಲೆ ಎರಡು, ಕೊನೆಗೆ ಬೆಳಗ್ಗೆ ಕೈನಡುಕ ನಿಲ್ಲಿಸಲೂ ಒಂದು. ಅಂಗಡಿಗೆ ಆಕೆ ಎಂದೂ ಹೋದವಳಲ್ಲ. ಓಣಿಯ ಹುಡುಗನೊಬ್ಬ ಹತ್ತು ರೂಪಾಯಿ ಹೆಚ್ಚಿಗೆ ಪಡೆದು ತಂದುಕೊಡುತ್ತಿದ್ದ. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಪ್ಯಾಕೆಟ್ ಸಿಕ್ಕಿದ್ದು ಮಗಳ ಕೈಗೆ.

ಅಣ್ಣ ಕೆಟ್ಟವನಲ್ಲ. ತಂಗಿಯನ್ನು ದೇವರಗುಡ್ಡದ ಮಾಲತೇಶನ ಗುಡಿಗೆ ಕರೆದೊಯ್ದು ಭಂಡಾರ, ಅಂದರೆ ದೇವರ ಅರಿಶಿನ, ಮುಟ್ಟಿಸಿ ಆಣೆ ಮಾಡಿಸಿದ, ಮನೆಗೆ ಬಂದು ಕೋಣೆಗೆ ಬೀಗ ಹಾಕಿದ. ಎರಡನೆಯ ದಿನ ಆಕೆಗೆ ಫಿಟ್ಸ್ ಬಂತು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರುವ ಅಪಾಯವಿದೆ. ಎರಡು, ಮೂರನೆಯ ದಿನದ ಹೊತ್ತಿಗೆ ಸನ್ನಿ ಹಿಡಿದಂತಾಗಿ, ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿಗೆ “ನಾಳೆಯಿಂದಲೇ ಬಿಟ್ಟುಬಿಡಿ” ಎಂದು ಹೇಳಿ ಕಳುಹಿಸಿದ್ದೆ. ಮೂರನೆಯ ದಿನ ಆಕೆ ಗೋಡೆಯ ತುಂಬ ಹುಳ ಹರಿಯುತ್ತಿವೆ ಎಂದು ಚೀರುತ್ತಿದ್ದುದನ್ನು ಕಂಡೆ. ಆಕೆ ಬದುಕಿದರು. ಆ ತಪ್ಪು ನನ್ನದೇ, ಅಂದಿನಿಂದ ವೈದ್ಯರಿಗೆ ತೋರಿಸದೆ ನಿಲ್ಲಿಸಿರಿ ಎಂದು ನಾನು ಯಾರಿಗೂ ಹೇಳಿಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ ಆಸ್ಪತ್ರೆ. ಗಿರಿಜವ್ವ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ದಾಖಲಾಗಿ, ನಡುಕ ಮತ್ತು ಫಿಟ್ಸ್ ತಡೆಯುವ ಔಷಧಿಯನ್ನೂ ಥಯಾಮಿನ್ ಎಂಬ ಬಿ1 ವಿಟಮಿನ್ ಇಂಜೆಕ್ಷನ್ನನ್ನೂ ಪಡೆದಳು. “ಹುಚ್ಚರ ದವಾಖಾನಿ ಅಂತಾರ, ನಾಳೆ ಮಗಳ ಲಗ್ನಕ್ಕ ಅಡ್ಡ ಬರತೈತಿ” ಎಂದು ಅಣ್ಣ ಹಿಂಜರಿದ. ಹೊಲದ ಹಾವು ಕಚ್ಚಿದ್ದರೆ ಊರವರ ಮಾತಿಗೆ ಕಾಯುತ್ತಿದ್ದಿರಾ ಎಂದು ಕೇಳಿದೆ. ಸುಮ್ಮನಾದ, ಆದರೆ ಹೊರಟ. ಆಮೇಲೆ ಆತ ಕೇಳಿದ್ದು ಆಕೆಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಔಷಧಿಯನ್ನು. ಮದ್ಯ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಂ ಮಾತ್ರೆ ಒಳಗಿರುವಾಗ ತಿಳಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತು ಬರಬಹುದು. ಆಕೆಯ ಒಪ್ಪಿಗೆಯಿಲ್ಲದೆ ಅದನ್ನು ಕೊಡುವುದು ಚಿಕಿತ್ಸೆಯಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

ಮರಳಿ ಬಂದ ಮೇಲೆ ನಾವು ಹೆಚ್ಚು ಮಾತನಾಡಿದ್ದು ಕುಡಿತದ ಬಗ್ಗೆ ಅಲ್ಲ, ಕೈಯ ಬಗ್ಗೆ. ಆಣೆ ಉರಿಯನ್ನು ಕಳೆಯುವುದಿಲ್ಲ. ಉರಿ ಉಳಿದರೆ ನಿದ್ದೆಯಿಲ್ಲ, ನಿದ್ದೆಯಿಲ್ಲದಿದ್ದರೆ ಪ್ಯಾಕೆಟ್ಟಿನ ನೆನಪು ತಪ್ಪುವುದಿಲ್ಲ. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆಕೆ ಇಷ್ಟು ವರ್ಷ ಬರಿಯ ತಣ್ಣೀರಿನಲ್ಲಿ ಕೈ ಅದ್ದಿ ಕುಳಿತಿದ್ದಳು. ಕೆಲಸಕ್ಕೆ ಕೂರುವ ಮೊದಲು ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು, ಸಂಜೆ ಮತ್ತೆ ಎಣ್ಣೆ ತಿಕ್ಕಿ ಸಾಬೂನಿನಿಂದ ತೊಳೆಯುವುದು, ಒಡೆದ ಬೆರಳಿಗೆ ಬಟ್ಟೆ ಸುತ್ತುವುದು ಎಂದು ಗೊತ್ತುಮಾಡಿಕೊಂಡೆವು. ಕೈಗವಸು ಹಾಕಿದರೆ ಕಿಲೋ ಕಡಿಮೆಯಾಗುತ್ತದೆ ಎಂದು ಆಕೆ ಒಪ್ಪಲಿಲ್ಲ; ನಾನೂ ಒತ್ತಾಯಿಸಲಿಲ್ಲ.

ಮಗಳಿಗೆ ಪ್ರತ್ಯೇಕವಾಗಿ ಹೇಳಿದ್ದು: ಡಬ್ಬಿ ಹುಡುಕುವುದು ನಿನ್ನ ಕೆಲಸವಲ್ಲ, ನಿನ್ನ ಓದು ನಿಲ್ಲಬಾರದು. ರಾತ್ರಿ ಭಯವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಅದು ಉಚಿತ, ದಿನದ ಯಾವ ಹೊತ್ತಿಗೂ ಸಿಗುತ್ತದೆ.

ಯುಗಾದಿಯ ಮರುದಿನ ಗಿರಿಜವ್ವ ಮತ್ತೆ ಕುಡಿದಳು. ಮೂರನೆಯ ದಿನ ತಾನೇ ಬಸ್ಸು ಹತ್ತಿ ನನ್ನ ಬಳಿ ಬಂದಳು. ಆಣೆ ಮುರಿದೆನೆಂದು ಅತ್ತಳು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿದಾಗ ನಾವು ಔಷಧಿ ನೋಡುತ್ತೇವೆ, ಆಣೆ ನೋಡುವುದಿಲ್ಲ ಎಂದು ಹೇಳಿ, ಅಂದೇ ವೈದ್ಯರಿಗೆ ಫೋನ್ ಮಾಡಿ, ಆ ವಾರ ಕೂಲಿ ಹಣ ಯಾರ ಕೈಗೆ ಹೋಗಿತ್ತು, ಹುಡುಗನನ್ನು ಕರೆದದ್ದು ಯಾವ ಹೊತ್ತಿನಲ್ಲಿ ಎಂಬುದನ್ನು ಆಕೆಯೊಂದಿಗೆ ಕುಳಿತು ಬರೆದೆ.

ಅಣ್ಣ ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡಿ “ಮತ್ತ ಕುಡದಾಳೇನ್ರಿ?” ಎಂದು ಕೇಳುತ್ತಾನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆಕೆಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ, ನಾನು ಹೇಳಲಾರೆ. ಸಂಜೆ ಆಕೆಯ ಮನೆಗೆ ಹೋಗಿ ಚಹಾ ಕುಡಿಯಿರಿ, ಕೈ ಹೇಗಿವೆ ಎಂದು ಕೇಳಿರಿ ಎನ್ನುತ್ತೇನೆ. ಕಳೆದ ತಿಂಗಳು ಹೋಗಿದ್ದನಂತೆ.