ಮೊದಲು ಸಮುದ್ರದ ವೇಳೆ ನೋಡಿ, ಆಮೇಲೆ ಡಬ್ಬಿ ಹುಡುಕಿ

ಜಿಯೋಕ್ಯಾಶಿಂಗ್ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕಡಲ ದಂಡೆಯ ನಡಿಗೆಯನ್ನು ಕುರಿತೇ ಇವೆ. ಬಯಲು ಸೀಮೆಯವರಾದ ನಮಗೆ ಸಮುದ್ರದ ಮೇಲೆ ಇಷ್ಟು ಆಸೆ ಇರುವುದು ಸಹಜವೇ. ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು: ಒಬ್ಬರು ಎಲ್ಲೋ ಒಂದು ಡಬ್ಬಿಯನ್ನು ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹೋಗಿ ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರುತ್ತಾರೆ. ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ತೆಗೆದುಹಾಕಿತು. ಅದರ ಬೆನ್ನಿಗೇ, ಮೇ 3ರಂದು, ಆರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಮೊದಲ ಡಬ್ಬಿಯನ್ನು ಇಟ್ಟರು. ಸೇವೆಯುದ್ದಕ್ಕೂ ಅಥಣಿ, ರಾಯಬಾಗದ ಹೊಲಗಳಲ್ಲಿ ಅಳತೆಯ ಸರಪಳಿ ಎಳೆದ ನನಗೆ, ಅಕ್ಷಾಂಶ ರೇಖಾಂಶಗಳು ಹೀಗೆ ಜನರ ಕೈಗೆ ಬಂದದ್ದು ಇಂದಿಗೂ ಸಂತೋಷ ಕೊಡುವ ಸಂಗತಿ.

ಪ್ರಶ್ನೆ: ನಾವಿಬ್ಬರೂ ನಿವೃತ್ತರು. ಮಗ ಇಂಗ್ಲೆಂಡಿನ ಪ್ಲಿಮತ್‌ನಲ್ಲಿದ್ದಾನೆ. ಮೇ ತಿಂಗಳಲ್ಲಿ ಅವನ ಮನೆಗೆ ಹೊರಟಿದ್ದೇವೆ. ಅಲ್ಲಿಯ ಕಡಲ ಹಾದಿಯಲ್ಲಿ ಸಾಲಾಗಿ ಇಟ್ಟಿರುವ ಡಬ್ಬಿಗಳನ್ನು ಹುಡುಕುತ್ತ ನಡೆಯೋಣ ಎನ್ನುತ್ತಾನೆ. ನನಗೆ ಅರವತ್ತನಾಲ್ಕು, ನಮ್ಮ ಮನೆಯವರಿಗೆ ಮೊಣಕಾಲು ನೋವು. ಇದು ನಮ್ಮಿಂದ ಆಗುವ ಕೆಲಸವೇ? — ತಿಲಕವಾಡಿ, ಬೆಳಗಾವಿ

ಉತ್ತರ: ಆಗುತ್ತದೆ, ಹಾದಿಯ ತುಣುಕನ್ನು ನೋಡಿ ಆರಿಸಿಕೊಂಡರೆ. ನಿಮ್ಮ ಮಗ ಹೇಳುತ್ತಿರುವುದು ನೈರುತ್ಯ ಕರಾವಳಿ ಹಾದಿ. ಸಾಮರ್ಸೆಟ್‌ನ ಮೈನ್‌ಹೆಡ್‌ನಿಂದ ಹೊರಟು ಡೆವನ್, ಕಾರ್ನ್‌ವಾಲ್‌ಗಳನ್ನು ಸುತ್ತಿ ಡಾರ್ಸೆಟ್‌ನ ಪೂಲ್ ಬಂದರಿನವರೆಗೆ 630 ಮೈಲು, ಅಂದರೆ 1,014 ಕಿ.ಮೀ. ಕಳ್ಳಸಾಗಣೆದಾರರ ಮೇಲೆ ಕಣ್ಣಿಡಲು ಕರಾವಳಿ ಕಾವಲುಗಾರರು ಒಂದೊಂದು ಕೊರಕಲಿಗೂ ಇಣುಕಿ ನೋಡಬೇಕಾಗಿತ್ತು. ಅವರ ಕಾಲು ಸವೆಸಿದ ಜಾಡೇ ಇಂದಿನ ಹಾದಿ. ಆದ್ದರಿಂದಲೇ ಅದು ನೇರವಾಗಿ ಹೋಗುವುದಿಲ್ಲ. ಪ್ರತಿ ಕೊಲ್ಲಿಗೂ ಇಳಿಯುತ್ತದೆ, ಮತ್ತೆ ಬಂಡೆಯ ನೆತ್ತಿಗೆ ಏರುತ್ತದೆ. ಗೋಳಗುಮ್ಮಟದ ಮಿನಾರಿನ ಮೆಟ್ಟಿಲುಗಳನ್ನು ಏಳಂತಸ್ತೂ ಹತ್ತಿ, ಇಳಿದು, ನೀರು ಕುಡಿದು ಮತ್ತೆ ಹತ್ತಿದಷ್ಟು ಆಯಾಸ. ನಕಾಶೆಯಲ್ಲಿ ಆರು ಕಿ.ಮೀ. ಕಂಡರೆ ಅರ್ಧ ದಿನವನ್ನೇ ತೆಗೆದಿಡಿ. ಡಬ್ಬಿಗಳನ್ನೂ ಹುಡುಕುವುದಾದರೆ ಗಂಟೆಗೆ ಎರಡು ಕಿ.ಮೀ.ಗಿಂತ ಹೆಚ್ಚು ಎಣಿಸಬೇಡಿ.

ಪ್ರತಿ ಡಬ್ಬಿಯ ವಿವರದಲ್ಲೂ ಎರಡು ಅಂಕಗಳಿರುತ್ತವೆ. ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು, ನೆಲ ಎಷ್ಟು ಕಷ್ಟ ಎಂಬುದಕ್ಕೆ ಇನ್ನೊಂದು. ಎರಡೂ ಒಂದರಿಂದ ಐದರವರೆಗೆ. ನಿಮ್ಮ ಮನೆಯವರಿಗೆ ಮುಖ್ಯವಾದದ್ದು ಎರಡನೆಯದು. ಅದು ಎರಡೂವರೆ ದಾಟಿದರೆ ಆ ಡಬ್ಬಿಯನ್ನು ಮಗನಿಗೆ ಬಿಟ್ಟು ನೀವಿಬ್ಬರೂ ಬೆಂಚಿನ ಮೇಲೆ ಕುಳಿತುಕೊಳ್ಳಿ. ಐದು ಎಂದಿದ್ದರೆ ದೋಣಿಯೋ ಹಗ್ಗವೋ ಬೇಕು ಎಂದೇ ಅರ್ಥ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕೆಂಬ ನಿಯಮವಿದೆ. ಸಾಲು ಡಬ್ಬಿಗಳೆಂದರೆ ಹೆಜ್ಜೆಹೆಜ್ಜೆಗೂ ಬಗ್ಗುವ ಕೆಲಸ ಇರುವುದಿಲ್ಲ. ಕೆಲವು ಸಾಲುಗಳಲ್ಲಿ ಮುಚ್ಚಳದ ಒಳಬದಿಗೆ ಒಂದೊಂದು ಅಂಕಿ ಬರೆದಿರುತ್ತಾರೆ. ಅವನ್ನೆಲ್ಲ ಸೇರಿಸಿದರೆ ಕೊನೆಯ ಬೋನಸ್ ಡಬ್ಬಿಯ ಸ್ಥಾನ ಸಿಗುತ್ತದೆ. ಸಿಕ್ಕ ಅಂಕಿಯನ್ನು ಅಲ್ಲೇ ಕಾಗದದಲ್ಲಿ ಬರೆದುಕೊಳ್ಳಿ. ಒಂದು ಅಂಕಿ ತಪ್ಪಿದರೂ ಮೊಣಕಾಲು ನೋವಿನವರು ಹಿಂದಿರುಗಿ ನಡೆಯಬೇಕಾಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಜನ ಮೊದಲು ಅಕ್ಷಾಂಶ ನೋಡುತ್ತಾರೆ, ಸಮುದ್ರವನ್ನು ಅಲ್ಲಿಗೆ ಹೋಗಿ ನೋಡಿದರಾಯಿತು ಎಂದುಕೊಳ್ಳುತ್ತಾರೆ. ದಯವಿಟ್ಟು ಇದನ್ನು ತಿರುಗಿಸಿ. ಪ್ಲಿಮತ್ ಸುತ್ತ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಸುಮಾರು ಐದು ಮೀಟರ್ ವ್ಯತ್ಯಾಸ. ಬೆಳಿಗ್ಗೆ ನೀವು ನಡೆದ ಮರಳು ಮಧ್ಯಾಹ್ನ ಕಾಣಿಸುವುದೇ ಇಲ್ಲ. ಪ್ಲಿಮತ್‌ನ ಪೂರ್ವಕ್ಕೆ ಹಾದಿ ಅರ್ಮ್ ಎಂಬ ನದಿಯ ಅಳಿವೆಗೆ ಬರುತ್ತದೆ. ಅಲ್ಲಿ ಸೇತುವೆ ಇಲ್ಲ, ದೋಣಿಯೂ ಇಲ್ಲ. ಪೂರ್ಣ ಇಳಿತದ ಹಿಂದಿನ ಒಂದು ಗಂಟೆ, ಮುಂದಿನ ಒಂದು ಗಂಟೆ ಮಾತ್ರ ಬೂಟು ಕಳಚಿ ನೀರಿನಲ್ಲಿ ನಡೆದು ದಾಟಬಹುದು. ಅದೂ ಮಳೆ ಸುರಿದಿರದಿದ್ದರೆ, ಸಮುದ್ರ ಶಾಂತವಾಗಿದ್ದರೆ. ಆ ವೇಳೆ ತಪ್ಪಿದವರು ರಸ್ತೆ ಹಿಡಿದು ಮೈಲುಗಟ್ಟಲೆ ಸುತ್ತಬೇಕು. ಆಚೆ ದಡದಲ್ಲಿ ಎಷ್ಟೇ ಚೆಂದದ ಡಬ್ಬಿ ಇರಲಿ, ನಿಮ್ಮ ಮನೆಯವರನ್ನು ಆ ನೀರಿಗೆ ಇಳಿಸಬೇಡಿ. ಒಂದು ಸೂಕ್ಷ್ಮ ಸಂಗತಿ: ಅಲ್ಲಿನ ಕೆಲವು ಉಬ್ಬರವಿಳಿತ ಕೋಷ್ಟಕಗಳು ಗ್ರೀನಿಚ್ ವೇಳೆಯಲ್ಲಿರುತ್ತವೆ. ಮೇ ತಿಂಗಳಲ್ಲಿ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಕೂಡಿಸಿಕೊಳ್ಳುವುದನ್ನು ಮರೆಯಬೇಡಿ.

ಎರಡನೆಯದು, ಬಂಡೆಯ ಅಂಚು. ಫೋನಿನ ಜಿಪಿಎಸ್ ಬಯಲಿನಲ್ಲಿ ಐದಾರು ಮೀಟರ್ ಆಚೀಚೆ ತೋರಿಸುತ್ತದೆ. ಕಡಿದಾದ ಬಂಡೆಯ ಬುಡದಲ್ಲಿ ಅರ್ಧ ಆಕಾಶವೇ ಮರೆಯಾಗುವುದರಿಂದ ಪರದೆಯ ಮೇಲೆ ದಾರಿ ತೋರಿಸುವ ಬಾಣ ಅತ್ತಿತ್ತ ಹೊಯ್ದಾಡುತ್ತದೆ. ಬಾಣ ಕಡಲಿನ ಕಡೆಗೆ, ಹಾದಿಯ ಹೊರಗೆ ಕರೆದರೆ ಅಲ್ಲೇ ನಿಂತುಬಿಡಿ. ಡಬ್ಬಿಯ ವಿವರದಲ್ಲಿ ಕೊಟ್ಟ ಸುಳಿವನ್ನು ಓದಿ. ಬುದ್ಧಿವಂತರಾದ ಡಬ್ಬಿ ಒಡೆಯರು ಭೂಮಿಯ ಕಡೆಗೇ ಬಚ್ಚಿಟ್ಟಿರುತ್ತಾರೆ: ಬೇಲಿ ದಾಟುವ ಮೆಟ್ಟಿಲಿನ ಕೆಳಗೆ, ಬೆಂಚಿನ ಹಿಂಬದಿಗೆ, ಪೊದೆಯ ಬುಡಕ್ಕೆ. ಮಗಳ ಜೊತೆ ಕಾರ್ನ್‌ವಾಲ್‌ನಲ್ಲಿ ನಡೆದಾಗ ನಾನು ಕಂಡ ಒಂದು ಡಬ್ಬಿಯನ್ನು ಹೇಳುತ್ತೇನೆ. ಬೇಲಿಯ ಕಂಬದ ಪಕ್ಕ ಮೂರು ಚಪ್ಪಟೆ ಕಲ್ಲುಗಳು ಒಂದರ ಮೇಲೊಂದು ಸ್ವಲ್ಪ ಹೆಚ್ಚೇ ನೀಟಾಗಿ ಕುಳಿತಿದ್ದವು. ಗಾಳಿ, ಕುರಿ, ಮಳೆ ಯಾವುದೂ ಕಲ್ಲನ್ನು ಹಾಗೆ ಜೋಡಿಸುವುದಿಲ್ಲ. ಮೇಲಿನದನ್ನು ಸರಿಸಿದರೆ ಹಸಿರು ಟೇಪು ಸುತ್ತಿದ, ನಾಲ್ಕೂ ಕಡೆ ಕ್ಲಿಪ್ ಇರುವ ಊಟದ ಡಬ್ಬಿ. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಪುಟ್ಟ ಪುಸ್ತಕ, ಅಂಚುಗಳು ಉಪ್ಪುಗಾಳಿಗೆ ಉಬ್ಬಿದ್ದವು. ಒಂದು ಮೋಟು ಪೆನ್ಸಿಲ್, ಒಂದು ಗಾಜಿನ ಗೋಲಿ, ಯಾವುದೋ ಮಗುವಿನ ರಬ್ಬರ್ ಡೈನೋಸಾರ್. ಇಂಥ ಕಡೆ ಪೆನ್ನು ಬರೆಯುವುದಿಲ್ಲ, ಪೆನ್ಸಿಲನ್ನೇ ಒಯ್ಯಿರಿ. ಆ ನಾಡಿನಲ್ಲಿ ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಗಳು ಬಹಳ. ಅವುಗಳ ಒಂದು ಕಲ್ಲನ್ನೂ ಕದಲಿಸಬಾರದು. ಹೊಲದ ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಬೇಕು. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳಿರುತ್ತವೆ, ಅವುಗಳಿಂದ ಲೈಮ್ ಎಂಬ ರೋಗ ಬರಬಹುದು. ಮನೆಗೆ ಬಂದ ಮೇಲೆ ಕಾಲು, ಮಂಡಿಯ ಹಿಂಬದಿ ನೋಡಿಕೊಳ್ಳಿ.

ಹೋಗುವಾಗ ಬಸ್ಸು, ಬರುವಾಗ ನಡಿಗೆ ಎಂದಿಟ್ಟುಕೊಳ್ಳಿ. ಕೊನೆಯ ಬಸ್ಸಿಗೆ ಓಡುವ ಗಾಬರಿ ಇರುವುದಿಲ್ಲ. ಬಿಡುವಿದ್ದರೆ ಮಗನಿಗೆ ಡಾರ್ಟ್‌ಮೂರ್ ಎಂಬ ಗುಡ್ಡದ ಬಯಲನ್ನು ತೋರಿಸಲು ಹೇಳಿ. ಪ್ಲಿಮತ್‌ಗೆ ಹತ್ತಿರ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಅಲ್ಲಿಯ ಕ್ರ್ಯಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಒಂದು ಬಾಟಲಿ ಇಟ್ಟರು, ಬಂದವರು ತಮ್ಮ ಹೆಸರಿನ ಚೀಟಿ ಹಾಕಲಿ ಎಂದು. ಡಬ್ಬಿ ಹುಡುಕುವ ಹವ್ಯಾಸ ಉಪಗ್ರಹಗಳಿಗಿಂತ ಎಷ್ಟೋ ಮೊದಲೇ ಬೇರು ಬಿಟ್ಟ ನೆಲ ಅದು.

ಪ್ರಶ್ನೆ: ಜಿಯೋಕ್ಯಾಶಿಂಗ್ ಆ್ಯಪ್‌ನಲ್ಲಿದ್ದ ಡಬ್ಬಿಯ ಸ್ಥಾನದ ಅಂಕಿಗಳನ್ನು ಅಣ್ಣ ನಕಾಶೆಗೆ ಹಾಕಿದಾಗ ಸಮುದ್ರದ ನಡುವೆ ತೋರಿಸುತ್ತಿದೆ. ಯಾಕೆ? — ಪಿಯುಸಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ತಂಗಿ, ಇದು ನನ್ನ ಕಸುಬಿನ ಪ್ರಶ್ನೆ. ಡಬ್ಬಿಗಳ ಸ್ಥಾನವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷಗಳಲ್ಲಿ ಬರೆಯುತ್ತಾರೆ. ಉದಾಹರಣೆಗೆ, ಉತ್ತರ 50 ಡಿಗ್ರಿ 12.345 ನಿಮಿಷ. ಇದನ್ನು ನಕಾಶೆಯಲ್ಲಿ 50.12345 ಎಂದು ಹಾಕಿದರೆ ತಪ್ಪು. ನಿಮಿಷವನ್ನು ಅರವತ್ತರಿಂದ ಭಾಗಿಸಬೇಕು, ಆಗ 50.20575 ಬರುತ್ತದೆ. ಎರಡಕ್ಕೂ ವ್ಯತ್ಯಾಸ ಸುಮಾರು ಒಂಬತ್ತು ಕಿ.ಮೀ. ದಕ್ಷಿಣಕ್ಕೆ ಸಮುದ್ರವಿರುವ ಕರಾವಳಿಯಲ್ಲಿ ಒಂಬತ್ತು ಕಿ.ಮೀ. ದಕ್ಷಿಣಕ್ಕೆ ಸರಿದರೆ ನೀರಿಗೇ ಬೀಳುತ್ತದೆ. ಇಂಗ್ಲೆಂಡಿನ ಆ ಭಾಗ ಗ್ರೀನಿಚ್‌ನ ಪಶ್ಚಿಮಕ್ಕಿದೆ, ನಾವು ಪೂರ್ವಕ್ಕಿದ್ದೇವೆ. ಪಶ್ಚಿಮ 5 ಡಿಗ್ರಿಯನ್ನು ಅಭ್ಯಾಸಬಲದಿಂದ ಪೂರ್ವ ಎಂದು ಹಾಕಿದರೆ ಕಾರ್ನ್‌ವಾಲ್‌ನ ಡಬ್ಬಿ ಬೆಲ್ಜಿಯಂಗೆ ಹೋಗುತ್ತದೆ. ಇನ್ನೊಂದು ಸಂಗತಿ ನಿಮ್ಮ ಭೂಗೋಳದ ಮೇಷ್ಟ್ರಿಗೂ ಇಷ್ಟವಾದೀತು: ರೇಖಾಂಶದ ಒಂದು ನಿಮಿಷ ನಮ್ಮ ಕಡೆ ಸುಮಾರು 1.8 ಕಿ.ಮೀ., ಅಲ್ಲಿ ಸುಮಾರು 1.2 ಕಿ.ಮೀ. ಮಾತ್ರ. ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಹತ್ತಿರವಾಗುವುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಕಾಲಿನಲ್ಲಿ ಅಳೆಯುವುದು ಬೇರೆ.

ಪ್ರಶ್ನೆ: ವಿದೇಶಕ್ಕೆ ಹೋಗುವಷ್ಟು ಅನುಕೂಲ ನಮಗಿಲ್ಲ. ಗೋಕರ್ಣದಲ್ಲಿ ಇಂಥ ನಡಿಗೆ ಸಾಧ್ಯವೇ? ನಾವು ನಾಲ್ವರು ಗೆಳೆಯರು ಹೊರಟಿದ್ದೇವೆ. — ವಿಜಯಪುರ

ಉತ್ತರ: ನಡಿಗೆ ಖಂಡಿತ ಸಾಧ್ಯ, ಅದೂ ಬಹಳ ಸುಂದರವಾದದ್ದು. ಆದರೆ ಅಲ್ಲಿನಷ್ಟು ಡಬ್ಬಿಗಳು ನಮ್ಮ ಕರಾವಳಿಯಲ್ಲಿಲ್ಲ. ಹೊರಡುವ ಮೊದಲು ಆ್ಯಪ್‌ನಲ್ಲಿ ಡಬ್ಬಿ ಕೊನೆಯ ಸಲ ಸಿಕ್ಕ ದಿನಾಂಕ ನೋಡಿ. ಮೇಲಿಂದ ಮೇಲೆ ‘ಸಿಗಲಿಲ್ಲ’ ಎಂದು ಬರೆದಿದ್ದರೆ ಅದು ಇಲ್ಲವೆಂದೇ ತಿಳಿಯಿರಿ.

ಹುಬ್ಬಳ್ಳಿಗೆ ಬಂದು, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲಾ, ಅಲ್ಲಿಂದ ಗೋಕರ್ಣ. ಊರಿನ ಕಡಲತೀರದಿಂದ ದಕ್ಷಿಣಕ್ಕೆ ಕೂಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳು ಒಂದಾದ ಮೇಲೊಂದು. ನಡುವೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡಗಳು. ನೀರಿನ ಏರಿಳಿತ ಇಲ್ಲಿ ಸುಮಾರು ಒಂದೂವರೆ ಎರಡು ಮೀಟರ್ ಅಷ್ಟೇ, ಆದರೂ ಹಾಫ್ ಮೂನ್‌ನಿಂದಾಚೆಗಿನ ಬಂಡೆಗಳ ಮೇಲೆ ನಡೆಯುವವರಿಗೆ ತೊಂದರೆಯಾಗಲು ಅಷ್ಟೇ ಸಾಕು. ಅಲೆ ನಾಲಿಗೆ ಚಾಚಿದ ಬಂಡೆಗೆ ಹಸಿರು ಪಾಚಿ, ಚೂಪು ಚಿಪ್ಪು ಅಂಟಿರುತ್ತವೆ. ಚಪ್ಪಲಿ ಜಾರುತ್ತದೆ, ಕೈ ಕೊಯ್ಯುತ್ತದೆ. ಇಳಿತ ಶುರುವಾದ ಮೇಲೆ ಹೊರಡಿ. ಇವತ್ತಿನ ವೇಳೆಗಿಂತ ನಾಳೆಯದು ಸುಮಾರು ಐವತ್ತು ನಿಮಿಷ ತಡ ಎಂಬುದು ನೆನಪಿರಲಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆಯನ್ನು ಉಚಿತವಾಗಿ ಕೊಡುತ್ತದೆ, ಅದನ್ನೂ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ನಾಲ್ವರು ಗೆಳೆಯರು ಎಂದು ಬರೆದಿದ್ದೀರಿ. ಕೃಷ್ಣೆಯಲ್ಲಿ, ಕೆರೆಯಲ್ಲಿ ಈಜಿದ ಧೈರ್ಯದಿಂದ ನಮ್ಮ ಕಡೆಯ ಹುಡುಗರು ಕಡಲಿಗೆ ಇಳಿಯುತ್ತಾರೆ. ಹಿಂದಕ್ಕೆ ಎಳೆಯುವ ನೀರಿಗೆ ಆ ಈಜು ಸಾಲದು. ದಯವಿಟ್ಟು ಇಳಿಯಬೇಡಿ. ಹಾಗೆಯೇ ಕಾರವಾರದ ನೌಕಾನೆಲೆಯ ಸುತ್ತಮುತ್ತ ಡಬ್ಬಿ, ಜಿಪಿಎಸ್, ಕ್ಯಾಮೆರಾ ಎಂದು ಅಲೆದಾಡಲೇಬಾರದು.

ಪ್ರಶ್ನೆ: ಡಬ್ಬಿಯಿಂದ ಒಂದು ವಸ್ತು ತೆಗೆದುಕೊಂಡರೆ ನಮ್ಮದೊಂದು ಇಡಬೇಕಂತೆ. ಅಮೀನಗಡದ ಕರದಂಟು ಇಡಬಹುದೇ? — ಹುನಗುಂದ

ಉತ್ತರ: ಬೇಡ. ಕರದಂಟೂ ಬೇಡ, ಕುಂದಾ ಕೂಡ ಬೇಡ. ತಿನ್ನುವ ವಸ್ತುವಿನ ವಾಸನೆಗೆ ಇಲಿ, ನರಿ, ಇರುವೆ ಬಂದು ಡಬ್ಬಿಯನ್ನೇ ಕಡಿದುಹಾಕುತ್ತವೆ. ತೆಗೆದದ್ದಕ್ಕೆ ಸರಿಸಮಾನ ಬೆಲೆಯ ವಸ್ತು ಇಡಬೇಕು ಎಂಬುದಷ್ಟೇ ನಿಯಮ. ಗೋಕಾಕದ ಬಣ್ಣದ ಮರದ ಹಣ್ಣುಗಳಲ್ಲಿ ಅತಿ ಚಿಕ್ಕದನ್ನು ಕೊಂಡು ಇಟ್ಟುಕೊಳ್ಳಿ. ಹಗುರ, ಚೆಂದ, ನಮ್ಮ ಊರಿನದು.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಕಡಲು ದೂರವಾದರೂ ನಮ್ಮಲ್ಲಿ ಬಾದಾಮಿ ಇದೆ. ಗುಹೆಗಳ ಸುತ್ತ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಹತ್ತು ಡಬ್ಬಿ ಇಟ್ಟು ಮಕ್ಕಳಿಗೆ ಹುಡುಕಲು ಹೇಳಬೇಕೆಂದಿದ್ದೇನೆ. — ಗುಳೇದಗುಡ್ಡ

ಉತ್ತರ: ಮಕ್ಕಳನ್ನು ಬಯಲಿಗೆ ಕರೆದೊಯ್ಯುವ ನಿಮ್ಮ ಆಸೆ ದೊಡ್ಡದು. ಆದರೆ ಗುಹೆಗಳ ಬಳಿ ಡಬ್ಬಿ ಇಡಬೇಡಿ, ಇದರಲ್ಲಿ ನಾನು ರಾಜಿಯಾಗಲಾರೆ. ಅದು 1958ರ ಕಾಯ್ದೆಯಡಿ ರಕ್ಷಿಸಿದ ಸ್ಮಾರಕ. ಮೂರನೆಯ ಗುಹೆಯ ಶಾಸನ ಕ್ರಿ.ಶ. 578ರದ್ದು. ಡಬ್ಬಿ ಹುಡುಕುವವನು ಸಂದು ಕಂಡಲ್ಲೆಲ್ಲ ಕೈ ಹಾಕುತ್ತಾನೆ, ಕಲ್ಲು ಎತ್ತುತ್ತಾನೆ. ಶಿಲ್ಪವಿರುವ ಕಡೆ ಆ ಅಭ್ಯಾಸ ಬೆಳೆಯಲು ನಾವು ಕಾರಣರಾಗಬಾರದು. ಮೇಲಾಗಿ ಬಾದಾಮಿಯ ಕೋತಿಗಳು ಡಬ್ಬಿಯನ್ನು ಸಂಜೆಯವರೆಗೂ ಉಳಿಸುವುದಿಲ್ಲ.

ನಿಮಗೆ ಬೇರೆ ದಾರಿ ಇದೆ. ಅರ್ಥ್‌ಕ್ಯಾಶ್ ಎಂಬ ಬಗೆಯನ್ನು ಅಮೆರಿಕದ ಭೂವೈಜ್ಞಾನಿಕ ಸಂಘ 2004ರಲ್ಲಿ ಆರಂಭಿಸಿತು. ಅದರಲ್ಲಿ ಡಬ್ಬಿಯೇ ಇರುವುದಿಲ್ಲ. ಹೇಳಿದ ಜಾಗಕ್ಕೆ ಹೋಗಿ, ಅಲ್ಲಿಯ ನೆಲವನ್ನು ನೋಡಿ, ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಬೇಕು. ನಿಮ್ಮ ಸುತ್ತಲಿನ ಬಂಡೆಗಳಿಗೆ ನಿಮ್ಮದೇ ಜಿಲ್ಲೆಯ ಕಲಾದಗಿಯ ಹೆಸರನ್ನು ಭೂವಿಜ್ಞಾನಿಗಳು ಇಟ್ಟಿದ್ದಾರೆ. ಆ ಮರಳುಗಲ್ಲಿನ ಪದರಗಳನ್ನು ಮಕ್ಕಳು ಬೆರಳಿನಿಂದ ಮುಟ್ಟಿ ಎಣಿಸಲಿ, ಯಾವ ಪದರ ಓರೆಯಾಗಿದೆ ಎಂದು ಚಿತ್ರ ಬರೆಯಲಿ. ಡಬ್ಬಿಯೇ ಬೇಕೆಂದರೆ ಶಾಲೆಯ ಆವರಣ, ಇಲ್ಲವೇ ಒಪ್ಪಿದ ರೈತರ ಬದು. ನೆಲ ಅಗೆಯಬೇಡಿ, ನೆಲದ ಒಡೆಯರ ಸ್ಪಷ್ಟ ಒಪ್ಪಿಗೆ ಇಲ್ಲದೆ ಹೂಳಿ ಇಡುವುದು ನಿಯಮಕ್ಕೆ ವಿರುದ್ಧ. ಡಬ್ಬಿ ಪಾರದರ್ಶಕವಾಗಿರಲಿ, ಮೇಲೆ ಅದು ಏನೆಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ, ಪೊಲೀಸ್ ಠಾಣೆಗೆ ಮೊದಲೇ ಒಂದು ಮಾತು ತಿಳಿಸಿ. ವಾರಸುದಾರರಿಲ್ಲದ ಪೆಟ್ಟಿಗೆ ಕಂಡರೆ ಜನ ಹೆದರುವ ಕಾಲ ಇದು.

ಪ್ರಶ್ನೆ: ಅಮೆರಿಕದಲ್ಲಿರುವ ಅಳಿಯಂದಿರು ನೆಟ್‌ವರ್ಕ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಯಂತ್ರ ತರುತ್ತೇನೆ ಎಂದಿದ್ದಾರೆ. ಗೋಕರ್ಣದ ನಡಿಗೆಗೆ ಒಯ್ಯಬಹುದೇ? — ಚಿಕ್ಕೋಡಿ

ಉತ್ತರ: ತರಬೇಡಿ ಎಂದು ಇವತ್ತೇ ಫೋನ್ ಮಾಡಿ ತಿಳಿಸಿ. ಉಪಗ್ರಹ ಫೋನು, ಸಂದೇಶ ಯಂತ್ರಗಳಿಗೆ ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಅನುಮತಿಯಿಲ್ಲದೆ ತಂದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣಗಳಲ್ಲಿ ತಡೆದು ಪ್ರಕರಣ ದಾಖಲಿಸಿದ ಉದಾಹರಣೆಗಳಿವೆ. ಸಾಮಾನ್ಯ ಮೊಬೈಲ್ ಸಾಕು. ಹೊರಡುವ ಹಿಂದಿನ ರಾತ್ರಿ ಆ ಪ್ರದೇಶದ ನಕಾಶೆಯನ್ನು ಫೋನಿಗೆ ಇಳಿಸಿಕೊಳ್ಳಿ, ಪವರ್ ಬ್ಯಾಂಕ್ ಇರಲಿ. ಯಾವ ತೀರದಿಂದ ಹೊರಟು ಎಷ್ಟು ಗಂಟೆಗೆ ಎಲ್ಲಿ ಮುಟ್ಟುತ್ತೀರಿ ಎಂದು ಉಳಿದುಕೊಂಡ ಮನೆಯವರಿಗೆ ಚೀಟಿಯಲ್ಲಿ ಬರೆದುಕೊಟ್ಟು ಹೋಗಿ.